ಹಾಲಿನ ಉಪವಾಸ

ಮಗನಿಗೆ ಆಗ ಮೂರು ವರ್ಷ. ತೊಡೆಸಂದಿಯಲ್ಲಿ ಹರ್ನಿಯಾ. ಅತ್ತರೆ ಸಾಕು, ಉಬ್ಬಿ ಬರುತ್ತಿತ್ತು. ಸಣ್ಣ ಆಪರೇಶನ್, ಸಂಜೆಗೇ ಮನೆಗೆ ಹೋಗಬಹುದು ಎಂದಿದ್ದರು. ಯಲಬುರ್ಗಾದಿಂದ ನಾನೂ ಅತ್ತೆಯೂ ಹಿಂದಿನ ದಿನವೇ ಅವನನ್ನು ಕೊಪ್ಪಳದ ಆಸ್ಪತ್ರೆಗೆ ಕರೆತಂದೆವು.

ಪ್ರಜ್ಞೆ ತಪ್ಪಿಸುವ ಡಾಕ್ಟರ್ ನಮ್ಮನ್ನು ಕೂರಿಸಿ ಮಾತಾಡಲೇ ಇಲ್ಲ. ನರ್ಸ್ ಬಾಗಿಲಲ್ಲೇ ನಿಂತು, ನಾಳೆ ಹುಡುಗನನ್ನು ಉಪವಾಸ ಇಡಿ ಎಂದು ಹೇಳಿ ಹೋದಳು. ಉಪವಾಸ! ನಮ್ಮ ಅತ್ತೆಗೆ ಅದನ್ನು ಕಲಿಸಬೇಕೆ? ಶ್ರಾವಣದ ಸೋಮವಾರ, ಏಕಾದಶಿ, ಶಿವರಾತ್ರಿ, ಒಂದನ್ನೂ ಬಿಟ್ಟವಳಲ್ಲ. ಅನ್ನ, ರೊಟ್ಟಿ ಮುಟ್ಟಬಾರದು. ಹಾಲು, ಬಾಳೆಹಣ್ಣು ನಡೆಯುತ್ತದೆ. ಬೆಳಿಗ್ಗೆ ನಾನು ರಕ್ತದ ರಿಪೋರ್ಟ್ ತರಲು ಹೋದಾಗ ಹುಡುಗ ಹಸಿವೆಂದು ಅತ್ತನಂತೆ. ಅವಳು ಲೋಟದ ತುಂಬ ಹಾಲು ಕುಡಿಸಿ, ಬಾಳೆಹಣ್ಣು ತಿನ್ನಿಸಿ, ಬಾಯಿ ಒರೆಸಿದ್ದಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಆಪರೇಶನ್ ಕೋಣೆಯ ಬಾಗಿಲಲ್ಲಿ ಅದೇ ಡಾಕ್ಟರ್, ಉಪವಾಸ ಇದ್ದಾನಲ್ಲ ಎಂದು ಕೇಳಿದ.

"ಹೌದ್ರಿ ಸಾಹೇಬ್ರ, ಒಂದ್ ಅಗಳ ಮುಟ್ಟಿಸಿಲ್ರಿ," ಎಂದಳು ಅತ್ತೆ.

ಅವಳು ಸುಳ್ಳು ಹೇಳಿರಲಿಲ್ಲ. ನಿದ್ದೆ ಹತ್ತುವ ತನಕ ಮಗನ ಕೈ ಹಿಡಿದು ನಿಲ್ಲುತ್ತೇನೆಂದು ನಾನು ಬೇಡಿಕೊಂಡೆ. ಹೆಂಗಸರು ಒಳಗೆ ಬಂದರೆ ಅತ್ತು ರಂಪ ಮಾಡುತ್ತಾರೆ ಎಂದು ಬಾಗಿಲು ಹಾಕಿದರು. "ಅವ್ವಾ" ಎಂದು ಅವನು ಚೀರುವುದು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ನಿದ್ದೆಯ ಮದ್ದು ಏರುವಾಗ ವಾಂತಿಯಾಗಿ, ಹಾಲೆಲ್ಲ ಶ್ವಾಸಕೋಶಕ್ಕೆ ಇಳಿಯಿತಂತೆ. ಮರುದಿನ ಮಗ ಹೋದ.

"ನಿಮ್ಮಂಥಾ ಮಂದಿಗೆ ಎಷ್ಟ್ ಹೇಳಿದ್ರೂ ಅಷ್ಟ," ಎಂದು ಡಾಕ್ಟರ್ ನನ್ನ ಮೇಲೆ ಹರಿಹಾಯ್ದ.

ಎಷ್ಟು ಹೇಳಿದ್ದೆಯೋ ಮಹಾರಾಯ? ಒಂದೇ ಮಾತು, ಅದೂ ನರ್ಸಿನ ಬಾಯಲ್ಲಿ. ಹಾಲೂ ಕೊಡಬೇಡಿ ಎಂದಿದ್ದರೆ ನಿನ್ನ ಅಪ್ಪನ ಗಂಟು ಹೋಗುತ್ತಿತ್ತೇನು? ಅವನ ಮುಖ ನೆನಪಾದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಮೂರನೆಯ ದಿನ ಮಗನ ಗುಂಡಿಯ ಮೇಲೆ ಹಾಲು-ತುಪ್ಪ ಬಿಡಲು ಹೋದೆವು. ಅತ್ತೆ ಅಳುತ್ತ ಹಾಲಿನ ತಂಬಿಗೆ ಎತ್ತಿದಳು. ಅವನೆಂದರೆ ಅವಳಿಗೂ ಜೀವ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅವಳ ಕೈ ಹಿಡಿದೆ.

"ಇವತ್ತರ ಖಾಲಿ ಹೊಟ್ಟೀಲೆ ಮಲಗ್ಲಿ ಬಿಡ್ರಿ, ಅತ್ತಿ."

ತಂಬಿಗೆ ಕೆಳಗಿಟ್ಟು ಅಲ್ಲೇ ಕುಸಿದು ಕುಳಿತಳು. ನನಗೆ ಸಮಾಧಾನವೇ ಆಯಿತು. ಅಂದಿನಿಂದ ಅವಳು ಹಾಲು ಮುಟ್ಟಿಲ್ಲ, ಚಹಾಕ್ಕೂ ಹಾಕಿಸಿಕೊಳ್ಳುವುದಿಲ್ಲ. ಕುಡಿಯಿರಿ ಎಂದು ನಾನೂ ಹೇಳಿಲ್ಲ.