ಚಿತ್ರದಲ್ಲಿ ಸಿಗದ ನೊಣ

ಈಚೆಗೆ ರೋಣದ ಕಚೇರಿಯ ಅಂಗಳದಲ್ಲಿ ಒಂದು ನೊಣಕ್ಕೆ ಹುಕುಂ ಆಯಿತು: ಅಲುಗಾಡದೆ ಕೂರತಕ್ಕದ್ದು!

ನಗಬೇಡಿ. ನಾನೂ ನಕ್ಕಿದ್ದೆ. ಆಮೇಲೆ ನಗುವಂಥದ್ದೇನೂ ನಡೆಯಲಿಲ್ಲ.

ನಮ್ಮ ಓಣಿಯ ಗಂಗವ್ವನಿಗೆ ಇರುವುದು ಒಂದು ಬಾಡಿಗೆ ಗಾಡಿ, ಎರಡು ಎತ್ತು. ಗಜೇಂದ್ರಗಡದ ಸಂತೆಗೆ ಸಾಮಾನು ಹೇರಿಕೊಂಡು ಹೋದರೆ ಆಕೆಯ ಒಲೆ ಉರಿಯುತ್ತದೆ. ಸರಕಾರದ ಸಾಮಾನು ಸಾಗಿಸಲು ಆ ಗಾಡಿಯನ್ನೇ ಬಿಟ್ಟಿ ಹಿಡಿದರು. ಒಂದು ಎತ್ತಿನ ಹೆಗಲಲ್ಲಿ ಹುಣ್ಣು. ಹುಳ ಇಡುವ ನೊಣ ಅದರ ಬೆನ್ನು ಬಿದ್ದಿತ್ತು. ನೊಗ ತಾಗದಿದ್ದರೆ ಹುಣ್ಣು ಮಾಯುತ್ತದೆ. ಹೂಡಿದರೆ ಎತ್ತು ಉಳಿಯುವುದಿಲ್ಲ. ಇಷ್ಟನ್ನು ಹೇಳಲು ಆಕೆ ಎತ್ತು ಹಿಡಿದುಕೊಂಡು ಕಚೇರಿಗೆ ಹೊರಟಳು.

"ನೀ ಇಂಗ್ಲಿಷ್ ಸಾಲ್ಯಾಗ ವಾದ ಮಾಡೂದು ಕಲ್ತಾಂವ. ಬಾ ತಮ್ಮಾ" ಎಂದು ನನ್ನನ್ನೂ ಎಳೆದೊಯ್ದಳು.

ಕಾರಕೂನರು ಹುಣ್ಣು ನೋಡಿದರು. "ಇದು ನೊಗ ತಿಕ್ಕಿದ್ದು. ಎಲ್ಲಾ ಎತ್ತಿಗೂ ಇರತೈತಿ. ಹುಳ ಎಲ್ಲಿ ಅದಾವ?"

"ಮುಂಜಾನೆ ಸೀತಾಫಲದ ಎಲಿ ಅರದ ಹಾಕಿ ತಗದೀನ್ರಿ."

"ತಗದಿ ಅಂದ್ರ ಗುಣ ಆತಲ್ಲ!"

"ನೊಣ ಮತ್ತ ಬಂದು ಕುಂತೈತಿ ನೋಡ್ರಿ ಯಪ್ಪಾ. ಮತ್ತ ಹುಳ ಬೀಳತಾವ."

"ನೊಣ ನನ್ನ ತಾಟಿನ ಮ್ಯಾಲೂ ಕುಂದ್ರತೈತಿ. ನಾ ರಜಾ ಕೇಳೀನೇನು?"

ಕಚೇರಿಯೆಲ್ಲ ನಕ್ಕಿತು. ನಾನು ಎದ್ದೆ. ತಾಟಿನ ನೊಣ ಬೂದು, ಇದು ಹಸಿರಾಗಿ ಮಿರುಗುತ್ತದೆ. ಒಂದನ್ನು ಸೀಸೆಯಲ್ಲಿ ಹಿಡಿದು ದನಗಳನ್ನೂ ನೋಡುವ ಧಾರವಾಡದ ಕುದುರೆ ಡಾಕ್ಟರಿಗೆ ಕಳಿಸಿ, ಅವರೇ ಹೇಳಲಿ ಎಂದೆ.

"ಸರಕಾರಿ ಟಪಾಲಿನಾಗ ನೊಣಾ ಕಳಸೂದೇನ್ರಿ? ಮಂದಿ ಏನಂದಾರು?" ಎಂದರು ಕಾರಕೂನರು.

ಅದೇ ದಿನ, ಗಜೇಂದ್ರಗಡದ ಕೋಟೆಯ ಫೋಟೋಗ್ರಾಫ್ ತೆಗೆಯಲು ಹೊರಟಿದ್ದ ಸಾಹೇಬನೊಬ್ಬ ರೋಣದಲ್ಲಿ ಮುಕ್ಕಾಂ ಮಾಡಿದ್ದ. ಕಾರಕೂನರಿಗೆ ಬುದ್ಧಿ ಹೊಳೆಯಿತು. ನೊಣದ ಬದಲು ನೊಣದ ಚಿತ್ರ! "ಕಣ್ಣು ಸುಳ್ಳ ಹೇಳಬಹುದು. ಫೋಟೋದ ಗಾಜು ಹೇಳೂದಿಲ್ಲ" ಎಂದರು.

ಆ ಗಾಜಿಗೆ ಹಸಿರು ಯಾವುದು, ಬೂದು ಯಾವುದು ಗೊತ್ತಾಗುತ್ತದೆಯೆ? ನಾನು ಹೀಗೆ ಕೇಳುವಷ್ಟರಲ್ಲೇ ಕಾರಕೂನರು ಸಾಹೇಬನಿಗೆ ಹೇಳಿ ಕಳಿಸಿದ್ದರು. (ಕಚೇರಿಯಲ್ಲಿ ಒಳ್ಳೆಯ ಪ್ರಶ್ನೆಗಳ ಗತಿಯೇ ಇದು.)

ಸಾಹೇಬನ ಫೋಟೋ ಪೆಟ್ಟಿಗೆಯ ಬಾಯಿ ತೆರೆದಿರುವಷ್ಟು ಹೊತ್ತು ಏನೂ ಅಲುಗಾಡಬಾರದಂತೆ. ನೊಣಕ್ಕೂ ಹಾಗೆಂದು ಹೇಳಿ ಎಂದ ಸಾಹೇಬ. ಕಾರಕೂನರು ಗಂಗವ್ವನ ಮುಖ ನೋಡಿದರು, ನೊಣ ಆಕೆಯದೇ ಎಂಬಂತೆ. ಎತ್ತೋ, ನೊಣ ಕೂತಾಗಲೆಲ್ಲ ಹೆಗಲು ಕೊಡವುತ್ತಿತ್ತು. ಕಾಲು ಕಟ್ಟಿದರು. ಮೂಗುದಾರ ಜಗ್ಗಿ ಹಿಡಿದರು. ಆದರೂ ನಿಲ್ಲಲಿಲ್ಲ. ಕಡೆಗೆ ಒಬ್ಬ ಸಿಪಾಯಿ ಬೇವಿನ ಸೊಪ್ಪಿನ ಹೊಗೆ ಹಾಕಿದ. ನೊಣಗಳು ಎದ್ದು ಹೋದವು. ಎತ್ತು ಕಲ್ಲಿನಂತೆ ನಿಂತಿತು.

"ಶಹಬ್ಬಾಸ್!" ಎಂದರು ಎಲ್ಲರೂ.

ನೊಣದ ಚಿತ್ರಕ್ಕಾಗಿ ನೊಣವನ್ನೇ ಓಡಿಸಿದ್ದರು. "ಇನ್ನ ಏನರೆ ಉಳದೈತ್ರಿ ತಗ್ಯಾಕ?" ಎಂದು ಕೂಗಿದೆ. ಒಂದೇ ಒಂದು ಉಳಿದಿತ್ತು. ಪೆಟ್ಟಿಗೆಯ ಬಾಯಿ ತೆರೆದಿದ್ದಾಗ ಅದೂ ಸರಿದಾಡಿತು. ಕಾಗದದ ಮೇಲೆ ಮೂಡಿದ್ದು ಬೂದು ಎತ್ತು, ಬೂದು ಹುಣ್ಣು, ಅದರ ಮೇಲೊಂದು ಬೆರಳು ಒರೆಸಿದಂಥ ಕಲೆ.

ಅದನ್ನೇ ಧಾರವಾಡದ ಡಾಕ್ಟರಿಗೆ ಕಳಿಸಿದರು. ವಾರದೊಳಗೆ ತೀರ್ಪು ಬಂತು. ಮನೆಯಲ್ಲಿರುವ ಸಾಧಾರಣ ನೊಣ. ಎತ್ತು ದುಡಿಯಲು ಅಡ್ಡಿಯಿಲ್ಲ.

ಆ ಕಲೆಯಲ್ಲಿ ಡಾಕ್ಟರು ನೊಣದ ಜಾತಿ ಕಂಡರು! ನೊಣವೋ ಧೂಳೋ ಎಂದು ಅಲ್ಲೇ ನಿಂತಿದ್ದ ನಾನೇ ಆಣೆ ಮಾಡಿ ಹೇಳಲಾರೆ. "ಇದರಿಂದ ತಿಳಿಯುವುದಿಲ್ಲ" ಎಂದು ಬರೆದಿದ್ದರೆ ಅವರ ಮಾನ ಹೋಗುತ್ತಿತ್ತೆ? ನಮ್ಮಲ್ಲಿ ಹೋಗುತ್ತದೆ. ತಿಳಿದವರೆನಿಸಿಕೊಂಡವರು ತಿಳಿಯದು ಎನ್ನುವಂತಿಲ್ಲ. ತಪ್ಪು ಹೇಳಬಹುದು, ಅದಕ್ಕೆ ಮೊಹರು ಬೀಳುತ್ತದೆ.

ಗಾಡಿ ಹೂಡಿದರು. ದಾರಿಯಲ್ಲಿ ಜಕ್ಕಲಿ ಊರು ದಾಟುವಷ್ಟರಲ್ಲಿ ಎತ್ತು ಮಂಡಿಯೂರಿತು. ಮತ್ತೆ ಏಳಲಿಲ್ಲ. ನೊಗ ತೆಗೆದಾಗ ಹುಣ್ಣಿನ ತುಂಬ ಹುಳ.

ಗಂಗವ್ವ ಒಂದೇ ಎತ್ತು ಹೊಡೆದುಕೊಂಡು ನಡೆದು ಬಂದಳು. ಸಮಾಧಾನ ಹೇಳಲು ಹೋದೆ. ಆಕೆ ಅಳುತ್ತಿರಲಿಲ್ಲ, ಉಳಿದ ಎತ್ತಿನ ಹೆಗಲ ಮೇಲೆ ಸೆರಗು ಬೀಸುತ್ತ ನಿಂತಿದ್ದಳು.

"ಇದರ ಮ್ಯಾಲೂ ನೊಣ ಕುಂದ್ರಾಕ ಹತ್ತೈತಿ ತಮ್ಮಾ. ಈ ಸಲ ಯಾರಿಗೆ ಹೇಳೂಣು?"