ಸಾಹೇಬರ ಮೇಜಿನ ಕೆಳಮೈ

“ಕೀಸಿದರ ಎಂಜಲಾ ಹೋಗ್ತೈತೇನು?” ಎಂದೋ, ಅದರ ಹತ್ತಿರದ್ದೇನೋ ನಮ್ಮ ಆಯಿ, ಅಪ್ಪನ ತಾಯಿ, ಅಂದಿದ್ದಳು. ಇವತ್ತು ಪಕ್ಕದ ಮನೆಯಲ್ಲಿ ಹಳೆಯ ಬಾಗಿಲನ್ನು ಕೀಸಿ ಉಜ್ಜುತ್ತಿದ್ದಾರೆ. ಆ ಸಾಗುವಾನಿ ಪುಡಿಯ ವಾಸನೆಗೆ ಮಾತು ಅರ್ಧ ನೆನಪಾಯಿತು.

ಊರು ಬಿಟ್ಟು ಹೊರಟಿದ್ದ ಬಿಳಿ ಸಾಹೇಬರೊಬ್ಬರ ಊಟದ ಮೇಜು, ನಾಲ್ಕು ಕುರ್ಚಿಗಳನ್ನು ಅಪ್ಪ ಸ್ಟೇಷನ್ ರಸ್ತೆಯ ಹರಾಜಿನಲ್ಲಿ ಅಗ್ಗಕ್ಕೆ ಹಿಡಿದು ತಂದಿದ್ದ. ಬಿದ್ದು ಮೊಣಕಾಲು ಕೆಟ್ಟ ಮೇಲೆ ಅವ್ವನಿಗೆ ನೆಲಕ್ಕೆ ಕೂರಲು ಆಗುತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಗೋಡೆಗೆ ಒರಗಿ, ನಿಂತೇ ಉಣ್ಣುತ್ತಿದ್ದಳು.

ಬೆತ್ತ ಹರಿದ ಕುರ್ಚಿಗಳಿಗೆ ಹಳೆಯ ಹೊರಸು ಮಂಚದ ನವಾರು ಪಟ್ಟಿ ಬಿಚ್ಚಿ ಹೆಣೆದದ್ದಾಯಿತು. ಮೇಜಿಗೆ ಮಾತ್ರ ಆಯಿ ಅಡ್ಡ ನಿಂತಳು.

“ಮಾಂಸದೂಟ ಕಂಡ ಹಲಗಿ ನನ್ನ ಮನ್ಯಾಗ ಬ್ಯಾಡ.”

“ಬೇಕಾದಷ್ಟು ಕೀಸ್ತೀನ್ರಿ ಆಯಿ,” ಎಂದ ರಿಪೇರಿಗೆ ಬಂದಿದ್ದ ಬಬಲೇಶ್ವರದ ಬಡಿಗ ಕಾಳಪ್ಪ.

“ಎಂಜಲಾ ಎಷ್ಟು ಆಳಕ್ಕ ಇಳದೈತಿ, ನಿನಗೇನು ಗೊತ್ತೋ? ಕೀಸಿ ಕೀಸಿ ಹಪ್ಪಳಾ ಮಾಡ್ತಿ ಅಷ್ಟ.”

ಅಪ್ಪ ಮೇಜನ್ನು ಮಾರಿಬಿಡಲೆಂದು ಎತ್ತಿನ ಚಕ್ಕಡಿ ಕರೆಯಲು ಹೊರಟ. ಆಗ ಆಯಿ ಬಗ್ಗಿ ಮೇಜಿನ ಕೆಳಗೆ ಇಣುಕಿದಳು. ಬಹಳ ಹೊತ್ತು ಹಾಗೆಯೇ ಇದ್ದಳು.

“ಕಾಳಪ್ಪಾ, ಹಲಗಿ ಬಿಚ್ಚಿ ತಿರುವಿ ಹಾಕು. ಕೆಳಗಿನ ಮೈ ಮ್ಯಾಲ ಯಾರೂ ಉಂಡಿಲ್ಲ. ಸಾಯೇಬನ ಮೊಣಕಾಲಷ್ಟ ಕಂಡೈತಿ.”

ಅಪ್ಪ ಬಾಗಿಲಲ್ಲೇ ನಿಂತು ನಕ್ಕುಬಿಟ್ಟ. ಮೂರನೆಯ ದಿನ ಅವ್ವ ನಮ್ಮೆಲ್ಲರ ಜೊತೆ ಕುಳಿತು ರೊಟ್ಟಿ ಮುರಿದಳು. ಮನೆಯೇ ಹಗುರಾಯಿತು.

ಇಷ್ಟು ವರ್ಷಗಳ ಮೇಲೆ ಕೇಳುತ್ತಿದ್ದೇನೆ. ಆಯಿ, ಅವತ್ತು ಬಗ್ಗಿ ನೀನು ನೋಡಿದ್ದು ಹಲಗೆಯನ್ನೋ, ಅದರಾಚೆ ಗೋಡೆಗೆ ಒರಗಿ ನಿಂತಿದ್ದ ಅವ್ವನ ಕಾಲನ್ನೋ?