ಏಳೆಳೆಯ ಜೆಟ್

ದೊಡ್ಡಬಳ್ಳಾಪುರದ ಮೆಕ್ಯಾನಿಕ್ ಸೊಣ್ಣಪ್ಪ ಕಾರ್ಬೊರೇಟರ್ ಬಿಚ್ಚಲು ಕೂತರೆ ಯಾರೂ ಪಕ್ಕದಲ್ಲಿ ನಿಂತು ಹರಟುವಂತಿರಲಿಲ್ಲ. ಒಂದೊಂದೇ ಭಾಗವನ್ನು ಪೆಟ್ರೋಲಿನಲ್ಲಿ ತೊಳೆದು ಹಳೇ ಪಂಚೆಯ ಮೇಲೆ ಸಾಲಾಗಿ ಇಡುತ್ತಿದ್ದ. ಕೊನೆಗೆ ಜೆಟ್. ಎಂಜಿನ್ನಿಗೆ ಪೆಟ್ರೋಲು ಅಳೆದು ಬಿಡುವ ಪುಟ್ಟ ಹಿತ್ತಾಳೆ ತಿರುಪು ಅದು, ನಡುವೆ ಒಂದು ತೂತು. ಅದಕ್ಕೆ ಸೂಜಿ, ತಂತಿ ಸೋಕಿಸಕೂಡದು, ತೂತು ಅಗಲವಾಗಿ ಪೆಟ್ರೋಲು ಹೆಚ್ಚು ಹರಿದು ಹೊಗೆ ಬರುತ್ತದೆ; ರೇಷ್ಮೆ ಎಳೆಯಲ್ಲೇ ಉಜ್ಜಬೇಕು ಎಂಬುದು ಅವನ ಕಟ್ಟಪ್ಪಣೆ. ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಎಳೆಗೇನು ಬರ? ಅಳತೆಯೂ ಅದರಲ್ಲೇ. ಯಾವ ಗಾಡಿಯ ಜೆಟ್ಟಿನಲ್ಲಿ ಎಷ್ಟೆಳೆ ತೂರುತ್ತದೆ ಎಂಬುದು ಅವನಿಗೆ ಬಾಯಿಪಾಠ.

ಪಕ್ಕದ ಮಧುರೆಯ ದನದ ಡಾಕ್ಟರು ಆಂಜಿನಪ್ಪನವರ ಗಾಡಿಗೆ ಏಳೆಳೆ. ಮಿಲಿಟರಿ ಹರಾಜಿನಲ್ಲಿ ಹಿಡಿದ, ಯುದ್ಧಕಾಲದ ಮೋಟಾರ್ ಸೈಕಲ್ಲು. ಎಪ್ಪತ್ತೊಂದರ ಬೇಸಿಗೆಯಲ್ಲಿ ಅದು ಕಪ್ಪು ಹೊಗೆ ಕಾರತೊಡಗಿತು. ಸೊಣ್ಣಪ್ಪ ಮೊದಲ ಸಲ ಪೆಟ್ರೋಲನ್ನು ಬೈದ, ಎರಡನೇ ಸಲ ಪ್ಲಗ್ಗನ್ನು. ಮೂರನೇ ಸಲ ಡಾಕ್ಟರು ಗಾಡಿ ತಳ್ಳಿಕೊಂಡೇ ಬಂದರು.

"ಹಸು ಹೊಟ್ಟೇಲಿ ಕರು ಅಡ್ಡ ಸಿಕ್ಕಾಕ್ಕೊಂಡಿತ್ತು ಸೊಣ್ಣಪ್ಪ. ಗಾಡಿ ದಾರೀಲೇ ನಿಂತೋಯ್ತು. ನಾನು ನಡ್ಕೊಂಡು ಹೋಗೋ ಹೊತ್ಗೆ ಹಸು ಸತ್ತೋಗಿತ್ತು," ಎಂದಷ್ಟೇ ಹೇಳಿ ಹೊರಟುಬಿಟ್ಟರು.

ಬೈದಿದ್ದರೆ ಚೆನ್ನಾಗಿತ್ತು. ಸೊಣ್ಣಪ್ಪನಿಗೆ ವರ್ಷದಿಂದ ಆ ತೂತು ಕಾಣುತ್ತಲೇ ಇರಲಿಲ್ಲ. ಬಿಸಿಲಿಗೆ ಹಿಡಿದು, ಕಂಡವನ ಹಾಗೆ ತಲೆಯಾಡಿಸುತ್ತಿದ್ದ. ಕಣ್ಣು ಮಂಜಾಯಿತೆಂದು ಊರಿಗೆ ಗೊತ್ತಾದರೆ ಅಂಗಡಿಗೆ ಬೀಗವೇ ಸರಿ. ಎಳೆ ಪೋಣಿಸಲಾಗದೆ, ಯುಗಾದಿಯ ಹಿಂದಿನ ದಿನ ಇದೇ ಜೆಟ್ಟಿಗೆ ಸೂಜಿ ತುರುಕಿ ತಿರುವಿದ್ದ.

ಹೆಂಡತಿ ಮಾರಕ್ಕ ಒಳಗೆ ಮಗ್ಗದ ಮುಂದೆ ಕೂತು ಎಳೆಗೆ ಎಳೆ ಹೊಸೆಯುತ್ತಿದ್ದಳು. ಜೆಟ್ಟನ್ನು ಅವಳ ಅಂಗೈಗಿಟ್ಟ.

"ಎಷ್ಟೆಳೆ ಹೋಗುತ್ತೆ ನೋಡು."

ಅವಳು ಎಳೆಗಳ ತುದಿಯನ್ನು ನಾಲಿಗೆಗೆ ತಾಗಿಸಿ ತೂರಿಸಿದಳು. "ಒಂಬತ್ತು. ಯಾರ್ ಸೂಜಿ ಹಾಕಿದ್ದು ಇದಕ್ಕೆ?"

"ನಾನೇ ಕಣೆ."

"ಕಣ್ಣು ಕಾಣಲ್ಲ ಅಂತ ನನಗಾದ್ರೂ ಹೇಳ್ಬಾರದಿತ್ತಾ?"

ತೂತನ್ನು ಬೆಸುಗೆಯಿಂದ ಮುಚ್ಚಿ, ಗಡಿಯಾರ ರಿಪೇರಿಯವನ ಸಣ್ಣ ಬೈರಿಗೆ ಬೇಡಿ ತಂದು, ಮಾರಕ್ಕ ಮೊನೆ ಇಟ್ಟುಕೊಟ್ಟ ಕಡೆ ಹೊಸದಾಗಿ ಕೊರೆದ. ಸುತ್ತು ಸುತ್ತಿಗೂ ಅವಳು ಎಳೆ ಹಾಕಿ ನೋಡಿದಳು. ಏಳು ಹೋಯಿತು, ಎಂಟನೆಯದು ಹೋಗಲಿಲ್ಲ.

ಡಾಕ್ಟರು ಬಂದಾಗ ಸೊಣ್ಣಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಬಿಟ್ಟ, ಸೂಜಿಯನ್ನೂ ಕಣ್ಣನ್ನೂ. ಅವರು ಬಗ್ಗಿ ಕಾರ್ಬೊರೇಟರನ್ನು ನೋಡಿದರು.

"ಮತ್ತೆ ಈಗ ಅಳತೆ ನೋಡಿದ್ದ್ಯಾರು?"

"ನಮ್ಮನೆಯೋಳು, ಡಾಕ್ಟ್ರೇ."

ಒಂದೇ ಒದೆತಕ್ಕೆ ಗಾಡಿ ಶುರುವಾಯಿತು, ಹೊಗೆಯಿಲ್ಲ. ಡಾಕ್ಟರು ತಿರುಗಿಯೂ ನೋಡದೆ ಹೊರಟುಹೋದರು. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡು ಸೊಣ್ಣಪ್ಪ ನಾಲ್ಕು ತಿಂಗಳು ಕೊರಗಿದ.

ದೀಪಾವಳಿಯ ಮುಂಚೆ ಗಾಡಿ ಬಂದು ನಿಂತಿತು. ಡಾಕ್ಟರು ಅವನನ್ನು ದಾಟಿ ಬಾಗಿಲಿಗೆ ಹೋಗಿ ಒಳಗೆ ಕೂಗಿದರು. "ಮಾರಕ್ಕ, ಜೆಟ್ ಒಂದ್ಸಲ ನೋಡ್ಕೊಡಮ್ಮ!"

ಸೊಣ್ಣಪ್ಪನಿಗೆ ಒಂದು ಗಳಿಗೆ ಹೊಟ್ಟೆ ಉರಿಯಿತು. ಮರುಗಳಿಗೆ ವರ್ಷಕ್ಕೂ ಮಿಕ್ಕಿ ಹೊತ್ತಿದ್ದ ಭಾರ ಇಳಿದು ಎದೆ ಹಗುರಾಯಿತು. ಪಂಚೆ ಹಾಸಿ, ಸ್ಪಾನರ್ ಹಿಡಿದು ಕೂತು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ಲೇ, ಎಳೆ ತಗೊಂಡು ಬಾರೇ, ನನಗೆ ಕಾಣಲ್ಲ!"